ರೋಬಸ್ಟಾ ಕ್ಲೋನ್‌ಗಳು ಒಂದೇನಾ, ಬೇರೆನಾ? ಪರಾಗ ಮುಟ್ಟಿಸಿ ಪತ್ತೆ ಮಾಡುವ ಸಮಗ್ರ ಮಾರ್ಗದರ್ಶಿ

ನರ್ಸರಿಯಿಂದ ಐದು ಹೆಸರಿನ ರೋಬಸ್ಟಾ ಕಾಫಿ ಕ್ಲೋನ್ (ಬೀಜದಿಂದಲ್ಲದೆ ಒಂದೇ ತಾಯಿ ಗಿಡದ ತುಂಡಿನಿಂದ ಬೆಳೆಸಿದ, ಅದರದೇ ನಕಲಿನಂಥ ಗಿಡ) ತಂದು ನೆಟ್ಟಿದ್ದೀರಿ. ಹೂವು ಮಲ್ಲಿಗೆ ಸುರಿದ ಹಾಗೆ ಬಂತು. ಕಾಯಿ ಮಾತ್ರ ಅಲ್ಲೊಂದು ಇಲ್ಲೊಂದು. ಐದು ಹೆಸರು ಇದ್ದರೂ ಒಳಗೆ ಇರೋದು ಒಂದೇ ಗಿಡವಾ ಅನ್ನೋ ಅನುಮಾನ ಆಗ ಶುರುವಾಗುತ್ತದೆ. ಅದನ್ನು ಪರೀಕ್ಷೆ ಮಾಡೋಕೆ ಹೊರಟವರಲ್ಲಿ ಹೆಚ್ಚಿನವರು ಒಂದೇ ಜಾಗದಲ್ಲಿ ಎಡವುತ್ತಾರೆ. ಚೀಲ ಕಟ್ಟುತ್ತಾರೆ, ಪರಾಗ ಹಾಕುತ್ತಾರೆ, ಕಾಯಿ ಎಣಿಸುತ್ತಾರೆ, ಆಮೇಲೆ ತಪ್ಪು ತೀರ್ಮಾನಕ್ಕೆ ಬರುತ್ತಾರೆ. ನಾನೂ ಹಾಗೆ ಒಂದು ವರ್ಷ ಪೂರ್ತಿ ಹಾಳು ಮಾಡಿಕೊಂಡವನೇ. ಅದಕ್ಕೇ ಇಲ್ಲಿ ಹಂತಗಳ ಕ್ರಮದ ಮೇಲೆ ಜಾಸ್ತಿ ಒತ್ತು ಕೊಟ್ಟಿದ್ದೇನೆ. ಕ್ರಮ ತಪ್ಪಿದರೆ ಕೊನೆಗೆ ಸಿಗುವ ಲೆಕ್ಕಕ್ಕೆ ಅರ್ಥ ಇರೋದಿಲ್ಲ.

## ಶುರು ಮಾಡೋ ಮೊದಲು ತಿಳಿದಿರಬೇಕಾದ ಒಂದು ಮಾತು

ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ರೋಬಸ್ಟಾ ಹಾಗಲ್ಲ. ತನ್ನದೇ ಪರಾಗ ಹೂವಿನ ಹೆಣ್ಣು ತುದಿಗೆ ಬಿದ್ದರೆ, ಆ ಪರಾಗದಿಂದ ಒಳಗಿಳಿಯುವ ಸಣ್ಣ ನಾಳ ಮುಂದೆ ಬೆಳೆಯದ ಹಾಗೆ ಹೂವೇ ತಡೆಯುತ್ತದೆ. ಈ ತಡೆಯನ್ನು ನಡೆಸೋದು ಎಸ್ ಎಂಬ ಒಂದು ಜೀನ್ ಜಾಗ. ಅಲ್ಲಿ ಮೂರು ರೂಪ ಗುರುತಿಸಿದ್ದಾರೆ: ಎಸ್1, ಎಸ್2, ಎಸ್3. ಒಂದು ಗಿಡದಲ್ಲಿ ಇವುಗಳಲ್ಲಿ ಯಾವುದಾದರೂ ಎರಡು ಇರುತ್ತವೆ. ಹಾಗಾಗಿ ಗಿಡಗಳು ಮೂರು ಗುಂಪು ಆಗುತ್ತವೆ: 1-2, 1-3, 2-3. ಒಂದೇ ಗುಂಪಿನ ಎರಡು ಗಿಡಗಳ ನಡುವೆ ಕಾಯಿ ಕಟ್ಟೋದಿಲ್ಲ.

ಇದನ್ನು ಗೋತ್ರದ ಹಾಗೆ ಅಂದುಕೊಳ್ಳಿ. ಒಂದೇ ಗೋತ್ರದವರಲ್ಲಿ ಮದುವೆ ಇಲ್ಲ. ಹಾಗಂತ ಮದುವೆ ಆಗದ ಇಬ್ಬರು ಒಬ್ಬನೇ ಮನುಷ್ಯ ಅಂತ ಹೇಳೋಕೆ ಆಗುತ್ತಾ? ಎಡವೋದು ಇಲ್ಲೇ. ಎರಡು ಕ್ಲೋನ್‌ಗಳ ನಡುವೆ ಕಾಯಿ ಕಟ್ಟಿದರೆ ಅವು ಖಂಡಿತ ಬೇರೆ ಬೇರೆ. ಕಟ್ಟದಿದ್ದರೆ ಅವು ಒಂದೇ ಇರಬಹುದು, ಅಥವಾ ಒಂದೇ ಗೋತ್ರದ ಬೇರೆ ಗಿಡಗಳೂ ಇರಬಹುದು. ಈ ಪರೀಕ್ಷೆ ‘ಬೇರೆ’ ಅನ್ನೋದನ್ನು ಸಾಬೀತು ಮಾಡುತ್ತದೆ, ‘ಒಂದೇ’ ಅನ್ನೋದನ್ನು ಅಲ್ಲ. ಇದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಡಿ.

## ಬೇಕಾಗುವ ಸಾಮಾನು

ಒತ್ತಾದ ನೇಯ್ಗೆಯ ಹತ್ತಿ ಬಟ್ಟೆಯ ಚೀಲಗಳು. ಪಾಪ್ಲಿನ್ ಬಟ್ಟೆ ಸಾಕು, ಒಂದೂವರೆ ಅಡಿ ಉದ್ದ ಹೊಲಿಸಿಕೊಳ್ಳಿ. ಮಳೆ ಬರಲ್ಲ ಅನ್ನೋ ಧೈರ್ಯ ಇದ್ದರೆ ಬಟರ್ ಪೇಪರ್ ಚೀಲವೂ ಆಗುತ್ತದೆ. ಸೊಳ್ಳೆ ಪರದೆ ಮಾತ್ರ ಬೇಡವೇ ಬೇಡ. ಕಾಫಿ ಪರಾಗ ಬಹಳ ಹಗುರ, ಜೇನಿನ ಜೊತೆಗೆ ಗಾಳಿಯಲ್ಲೂ ಹೋಗುತ್ತದೆ. ಪರದೆ ಜೇನನ್ನು ತಡೆಯುತ್ತದೆ, ಗಾಳಿಯನ್ನು ತಡೆಯೋದಿಲ್ಲ. ನನ್ನ ಮೊದಲ ವರ್ಷ ಹಾಳಾಗಿದ್ದು ಇದರಿಂದಲೇ. ಮನೆಯಲ್ಲಿದ್ದ ಹಳೇ ಪರದೆ ಕತ್ತರಿಸಿ ಕಟ್ಟಿದೆ, ಎಲ್ಲ ಚೀಲದಲ್ಲೂ ಕಾಯಿ ಬಂತು. ‘ಎಲ್ಲಾ ಬೇರೆ ಬೇರೆ ಕ್ಲೋನು’ ಅಂತ ಊರೆಲ್ಲ ಹೇಳಿಕೊಂಡು ಬಂದೆ. ಪರಾಗವನ್ನೇ ಮುಟ್ಟಿಸದೆ ಬಿಟ್ಟಿದ್ದ ಚೀಲದಲ್ಲೂ ಕಾಯಿ ಇದೆ ಅನ್ನೋದನ್ನು ನೋಡಿದ್ದು ಆಮೇಲೆ.

ಉಳಿದದ್ದು ಸಣ್ಣಪುಟ್ಟ ಸಾಮಾನು. ಬಟ್ಟೆ ಹೂವಿಗೆ ತಾಗದ ಹಾಗೆ ಚೀಲದ ಒಳಗೆ ಇಡೋಕೆ ತಂತಿ ಬಳೆ. ಅಲ್ಯೂಮಿನಿಯಂ ತಗಡಿನ ಟ್ಯಾಗ್ ಮತ್ತು ಕೆತ್ತೋಕೆ ಒಂದು ಮೊಳೆ (ಪೆನ್ನಿನಲ್ಲಿ ಬರೆದದ್ದು ಆಷಾಢದ ಮಳೆಗೆ ಉಳಿಯೋದಿಲ್ಲ). ಸರ್ಜಿಕಲ್ ಸ್ಪಿರಿಟ್, ಹತ್ತಿ, ಸಣ್ಣ ಕತ್ತರಿ, 10 ಪಟ್ಟು ದೊಡ್ಡದು ಮಾಡುವ ಲೆನ್ಸ್, ಒಂದೊಂದು ಕ್ಲೋನಿಗೆ ಒಂದೊಂದು ಸ್ಟೀಲ್ ಡಬ್ಬಿ, ದಾರ, ನೋಟ್‌ಬುಕ್, ಪೆನ್ಸಿಲ್. ಬ್ರಷ್ ಪಟ್ಟಿಯಲ್ಲಿ ಇಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

## ಹಂತ 1: ಗಿಡ ಆರಿಸಿ, ಬುಡ ನೋಡಿ

ಇದು ಜನವರಿಯಲ್ಲೇ ಆಗಬೇಕು. ಒಂದೊಂದು ಹೆಸರಿನ ಕ್ಲೋನಿನಲ್ಲೂ ಕನಿಷ್ಠ 3 ಗಿಡ ಆರಿಸಿ. ಒಂದು ಫಸಲಾದರೂ ಕೊಟ್ಟಿರುವ, ಕಾಂಡಕೊರಕ ಇಲ್ಲದ, ಎಲೆ ಉದುರಿಸಿಕೊಂಡು ಸೊರಗದ ಗಿಡ ಇರಲಿ. ಸೊರಗಿದ ಗಿಡ ಎಂಥ ಒಳ್ಳೆ ಪರಾಗ ಹಾಕಿದರೂ ಮಿಡಿ ಉದುರಿಸುತ್ತದೆ. ಅದನ್ನು ನೋಡಿ ‘ಹೊಂದಾಣಿಕೆ ಇಲ್ಲ’ ಅಂತ ಬರೆದುಕೊಂಡರೆ ತಪ್ಪು ಗಿಡದ್ದಲ್ಲ.

ಗ್ರಾಫ್ಟ್ ಗಿಡ ಆದರೆ ಬಗ್ಗಿ ಬುಡ ನೋಡಿ. ಬೆಸೆದ ಗಂಟಿನ ಕೆಳಗಿನಿಂದ ಕಂಬಚಿಗುರು ಎದ್ದು ಅದೇ ದೊಡ್ಡ ಗಿಡವಾಗಿ, ಮೇಲಿದ್ದ ಕ್ಲೋನ್ ಸತ್ತೇ ಹೋಗಿರೋದು ಅಪರೂಪ ಅಲ್ಲ. ಆಗ ನೀವು ಪರೀಕ್ಷೆ ಮಾಡೋದು ಕ್ಲೋನನ್ನಲ್ಲ, ಅದರ ಕೆಳಗಿದ್ದ ಬೀಜದ ಗಿಡವನ್ನು. ಬೀಜದ ಗಿಡ ಒಂದೊಂದೂ ಬೇರೆ, ಯಾವ ಗುಂಪಿನದ್ದೂ ಆಗಿರಬಹುದು, ಹಾಗಾಗಿ ಕ್ಲೋನಿಗೆ ಸಂಬಂಧವೇ ಇಲ್ಲದ ಫಲಿತಾಂಶ ಕೊಟ್ಟು ನಿಮ್ಮ ಲೆಕ್ಕ ಕೆಡಿಸುತ್ತದೆ. ಗಂಟು ಕಾಣದ ಗಿಡವನ್ನು ಬಿಟ್ಟುಬಿಡಿ.

## ಹಂತ 2: ಯಾರಿಗೆ ಯಾರು, ಮೊದಲೇ ಬರೆದಿಡಿ

ಹೂ ಬಿಟ್ಟ ಬೆಳಗ್ಗೆ ಯೋಚನೆ ಮಾಡೋಕೆ ಸಮಯ ಇರೋದಿಲ್ಲ. ಐದು ಕ್ಲೋನ್ ಇದ್ದರೆ 10 ಜೋಡಿ. ಅದರ ಜೊತೆಗೆ ಪ್ರತಿ ಕ್ಲೋನಿಗೂ ಈ ಮೂರು ಚೀಲ ಇರಲೇಬೇಕು:

ಸ್ವಂತ ಚೀಲ: ಅದೇ ಗಿಡದ ಪರಾಗ. ಇಲ್ಲಿ ಕಾಯಿ ಬರಬಾರದು.

ಬೆರಕೆ ಚೀಲ: ಬೀಜದಿಂದ ಬೆಳೆದ ಹಳೇ ರೋಬಸ್ಟಾ ತೋಟದ 8-10 ಗಿಡಗಳ ಪರಾಗ ಸೇರಿಸಿ ಹಾಕಿದ್ದು. ಇಲ್ಲಿ ಚೆನ್ನಾಗಿ ಕಾಯಿ ಬರಬೇಕು.

ಖಾಲಿ ಚೀಲ: ಕಟ್ಟಿ ಸುಮ್ನೆ ಬಿಡೋದು, ಏನೂ ಮುಟ್ಟಿಸಬಾರದು. ಇಲ್ಲಿ ಕಾಯಿ ಬಂದರೆ ಚೀಲ ಸೋರುತ್ತಿದೆ ಅಂತ ಅರ್ಥ.

ಈ ಮೂರೂ ಜೋಡಿ ಚೀಲ ಇರುವ ಗಿಡದ ಮೇಲೇ ಇರಬೇಕು, ಪಕ್ಕದ ಗಿಡದ ಮೇಲಲ್ಲ. ‘ಇದಕ್ಕೆಲ್ಲ ಯಾರು ಚೀಲ ದಂಡ ಮಾಡ್ತಾರೆ’ ಅಂತ ಬಿಟ್ಟುಬಿಡೋರೇ ಜಾಸ್ತಿ. ಈ ಮೂರು ಇಲ್ಲದಿದ್ದರೆ ಉಳಿದ ಚೀಲಗಳಿಂದ ಏನೂ ತಿಳಿಯೋದಿಲ್ಲ, ಅಷ್ಟೇ.

ಅಲ್ಲಿಗೆ 25 ಚೀಲ ಆಯಿತು. ಪ್ರತಿಯೊಂದನ್ನೂ ಎರಡು ಗಿಡದಲ್ಲಿ ಮಾಡಿದರೆ 50. ಇಬ್ಬರು ಸೇರಿ ಒಂದು ಬೆಳಗ್ಗೆಗೆ 25 ಮುಗಿಸಿದರೆ ದೊಡ್ಡದು. ಸ್ಪ್ರಿಂಕ್ಲರ್ ಇದ್ದವರು ತೋಟವನ್ನು ಎರಡು ಭಾಗ ಮಾಡಿ, ನಾಲ್ಕು ದಿನ ಬಿಟ್ಟು ನೀರು ಕೊಟ್ಟರೆ ಹೂವೂ ಎರಡು ಕಂತಿನಲ್ಲಿ ಬರುತ್ತದೆ.

## ಹಂತ 3: ನೀರು ಕೊಟ್ಟ ದಿನದಿಂದ ಎಣಿಸಿ

ರೋಬಸ್ಟಾ ಹೂ ಬಿಡೋದು ಹೂಮಳೆ ಬಿದ್ದ ಅಥವಾ ಸ್ಪ್ರಿಂಕ್ಲರ್ ಹೊಡೆದ ಸುಮಾರು 7-8 ದಿನಕ್ಕೆ. ಸ್ಪ್ರಿಂಕ್ಲರ್ ಆದರೆ ಒಂದೂವರೆ ಇಂಚು ನೀರು ಬೇಕು. ಕಡಿಮೆ ಕೊಟ್ಟರೆ ಮೊಗ್ಗು ಅರ್ಧ ಅರಳಿ, ಅರ್ಧ ಹಾಗೇ ನಿಂತು ಒಣಗುತ್ತದೆ. ಅಂಥ ಹೂವಿನ ಮೇಲೆ ಪರೀಕ್ಷೆ ಮಾಡಬೇಡಿ.

ಮೊಗ್ಗು ಮೊದಲು ಹಸಿರು, ಆಮೇಲೆ ಉದ್ದವಾಗಿ ಬೆಳ್ಳಗೆ ಮೇಣದ ಬತ್ತಿ ಹಾಗೆ ನಿಲ್ಲುತ್ತದೆ. ಅದನ್ನೇ ಕ್ಯಾಂಡಲ್ ಅನ್ನೋದು. 5ನೇ ದಿನದಿಂದ ದಿನಕ್ಕೆರಡು ಸಲ ಹೋಗಿ ನೋಡಿ. ಬೆಳಗ್ಗೆ ತೆಳುವಾಗಿದ್ದ ಕ್ಯಾಂಡಲ್ ಸಂಜೆಗೆ ತುದಿಯಲ್ಲಿ ದಪ್ಪಗಾಗಿ, ಬೆರಳಲ್ಲಿ ಹಿಡಿದರೆ ಮೆತ್ತಗೆ ಬಲೂನಿನ ಹಾಗೆ ಸಿಕ್ಕರೆ ಮಾರನೇ ದಿನ ಅರಳುತ್ತದೆ ಅಂತಲೇ ಲೆಕ್ಕ.

## ಹಂತ 4: ಅರಳುವ ಮೊದಲು ಚೀಲ ಕಟ್ಟಿ

ಒಂದು ಹೂ ಅರಳಿದ ಮೇಲೆ ಕಟ್ಟಿದ ಚೀಲ ಕೆಲಸಕ್ಕೆ ಬರೋದಿಲ್ಲ. ಕ್ಯಾಂಡಲ್ ಪೂರ್ತಿ ಮುಚ್ಚಿರುವಾಗಲೇ, ಅಂದರೆ ಅರಳೋದಕ್ಕೆ ಒಂದೆರಡು ದಿನ ಮುಂಚೆ ಕಟ್ಟಬೇಕು. ರೆಂಬೆಯ ನಡುವಿನ 3-4 ಗಣ್ಣು ಮಾತ್ರ ಉಳಿಸಿಕೊಳ್ಳಿ. ಅರಳಿದ್ದು, ಇನ್ನೂ ಹಸಿರಾಗಿರೋದು ಎರಡನ್ನೂ ಕಿತ್ತು ಹಾಕಿ. ಆಮೇಲೆ ಉಳಿದ ಕ್ಯಾಂಡಲ್ ಎಣಿಸಿ. ಒಂದು ಚೀಲಕ್ಕೆ ಸುಮಾರು 100 ಇದ್ದರೆ ಆಮೇಲೆ ಶೇಕಡಾ ಲೆಕ್ಕವೂ ಸುಲಭ. ‘ಅಂದಾಜು ನೂರು’ ಅಂತ ಬರೆಯಬೇಡಿ, ಎಣಿಸಿಯೇ ಬರೆಯಿರಿ.

ಕಟ್ಟೋ ಮೊದಲು ರೆಂಬೆ ಕೊಡವಿ ಇರುವೆ ಓಡಿಸಿ. ಚಿಗಳಿ (ಕಚ್ಚುವ ಕೆಂಪಿರುವೆ) ಗೂಡಿರುವ ಗಿಡವಾದರೆ ಬೇರೆ ಗಿಡ ನೋಡಿಕೊಳ್ಳಿ, ಶೌರ್ಯ ಬೇಡ. ಚೀಲದ ಬಾಯಿ ಕಟ್ಟುವ ಜಾಗದಲ್ಲಿ ರೆಂಬೆಗೆ ಸ್ವಲ್ಪ ಹತ್ತಿ ಸುತ್ತಿ ಅದರ ಮೇಲೆ ದಾರ ಬಿಗಿದರೆ ಸಂದು ಉಳಿಯೋದಿಲ್ಲ.

ಕೇಸರ ಕೀಳಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಅರೇಬಿಕಾದಲ್ಲಿ ಬೇಕೇ ಬೇಕು. ರೋಬಸ್ಟಾದಲ್ಲಿ ಸ್ವಂತ ಪರಾಗ ಹೇಗೂ ಕಾಯಿ ಕಟ್ಟದ ಕಾರಣ ಬಿಟ್ಟರೂ ನಡೆಯುತ್ತದೆ, ಸ್ವಂತ ಚೀಲ ಖಾಲಿ ಉಳಿದಿದೆ ಅಂತ ಕೊನೆಗೆ ಖಾತ್ರಿ ಆದರೆ ಸಾಕು. ಕೇಸರಗಳು ಎಸಳಿಗೇ ಅಂಟಿಕೊಂಡಿರುವುದರಿಂದ ಕ್ಯಾಂಡಲ್ ಎಳೆದರೆ ಎರಡೂ ಒಟ್ಟಿಗೆ ಬರುತ್ತವೆ, ನಿಜ. ಆದರೆ ಹೊಸಬರ ಕೈಯಲ್ಲಿ ಅದರ ಜೊತೆ ಒಳಗಿನ ಹೆಣ್ಣು ಕಡ್ಡಿಯೂ ಮುರಿದು ಬರುತ್ತದೆ. ಕಡ್ಡಿ ಮುರಿದ ಹೂ ಕಾಯಿ ಆಗೋದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಕೀಳಬೇಡಿ.

## ಹಂತ 5: ಪರಾಗ ಕೂಡಿಸೋದು

ಪರಾಗ ಕೊಡುವ ಗಿಡದ ಹೂವಿಗೂ ರಕ್ಷಣೆ ಬೇಕು ಅನ್ನೋದನ್ನು ತುಂಬಾ ಜನ ಮರೆಯುತ್ತಾರೆ. ಬಯಲಲ್ಲಿ ಅರಳಿದ ಹೂವಿನ ಮೇಲೆ ಅಷ್ಟು ಹೊತ್ತಿಗೆ ಹೆಜ್ಜೇನು, ತುಡುವೆ ಬಂದು ಕೂತು ಹತ್ತು ಗಿಡದ ಪರಾಗ ಬಳಿದು ಹೋಗಿರುತ್ತವೆ. ಹಿಂದಿನ ದಿನ ಸಂಜೆ, ದಪ್ಪ ಕ್ಯಾಂಡಲ್ ಇರುವ ಎರಡು ಮೂರು ರೆಂಬೆ ಕತ್ತರಿಸಿ ತಂದು, ನೀರಿನ ಬಾಟಲಿಯಲ್ಲಿ ಇಟ್ಟು, ಒಂದೊಂದು ಕ್ಲೋನನ್ನು ಒಂದೊಂದು ಕೋಣೆಯಲ್ಲಿ ಇಡಿ. ಅಷ್ಟು ಕೋಣೆ ಎಲ್ಲಿಂದ ತರೋಣ ಅಂದರೆ, ರಟ್ಟಿನ ಪೆಟ್ಟಿಗೆ ಕವುಚಿ ಇಟ್ಟರೂ ಆಯಿತು.

ಬೆಳಗಾಗುವ ಹೊತ್ತಿಗೆ ಹೂ ಅರಳಿರುತ್ತದೆ. ಲೆನ್ಸಿನಲ್ಲಿ ಕೇಸರ ನೋಡಿ. ಉದ್ದಕ್ಕೆ ಸೀಳಿ, ಅಂಚಿನಲ್ಲಿ ತಿಳಿ ಹಳದಿ ಪುಡಿ ಮೆತ್ತಿದ್ದರೆ ತಯಾರು. ಕಪ್ಪು ಶರ್ಟಿನ ತೋಳಿಗೆ ಒಂದು ಹೂ ತಟ್ಟಿ ನೋಡಿ, ಪುಡಿ ಕಂಡರೆ ಸರಿ. ಒಂದು ಕ್ಲೋನಿನ ಹೂ ಒಂದು ಡಬ್ಬಿಗೆ, ಮುಚ್ಚಳದ ಮೇಲೆ ಹೆಸರು. ಒಂದು ಕ್ಲೋನ್ ಒಂದು ದಿನ ಮುಂಚೆ ಅರಳಿತು ಅಂದರೆ ಅದರ ಕೇಸರವನ್ನು ಬಟರ್ ಪೇಪರಿನಲ್ಲಿ ಮಡಿಸಿ, ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟು ಮಾರನೇ ದಿನ ಬಳಸಬಹುದು. ಅದಕ್ಕಿಂತ ಜಾಸ್ತಿ ಎಳೆಯಬೇಡಿ.

## ಹಂತ 6: ಮುಟ್ಟಿಸೋದು

ಇಬ್ಬನಿ ಆರಿದ ಮೇಲೆ ಶುರು ಮಾಡಿ, ಬಿಸಿಲು ಏರುವ ಮೊದಲು, 10 ಗಂಟೆಯೊಳಗೆ ಮುಗಿಸಿ. ಒದ್ದೆ ಹೂವಿನ ಮೇಲೆ ಪರಾಗ ಹಾಕಿದರೆ ಅದು ನೀರು ಕುಡಿದು ಒಡೆಯುತ್ತದೆ.

ಮೊದಲು ಖಾಲಿ ಚೀಲಗಳನ್ನು ನೋಡಿ, ಹರಿದಿದೆಯಾ ಅಂತ. ಅವನ್ನು ಬಿಚ್ಚಬೇಡಿ. ಆಮೇಲೆ ಸ್ವಂತ ಚೀಲ, ಆಮೇಲೆ ಜೋಡಿಗಳು, ಕೊನೆಗೆ ಬೆರಕೆ. ಈ ಕ್ರಮಕ್ಕೆ ಕಾರಣ ಇದೆ. ಬೆರಕೆ ಪರಾಗದಲ್ಲಿ ಎಲ್ಲರಿಗೂ ಹೊಂದುವ ಪುಡಿ ಇರುತ್ತದೆ. ಅದು ಬೆರಳಿಗೆ ಅಂಟಿ ಮುಂದಿನ ಚೀಲಕ್ಕೆ ಹೋದರೆ ಸುಳ್ಳು ಕಾಯಿ ಬರುತ್ತದೆ.

ಬ್ರಷ್ ಯಾಕೆ ಬೇಡ ಅಂದರೆ ಅದರ ಕೂದಲಿನಲ್ಲಿ ಸಿಕ್ಕಿಕೊಂಡ ಪರಾಗ ಸ್ಪಿರಿಟ್ಟಿನಲ್ಲಿ ಅದ್ದಿದರೂ ಪೂರ್ತಿ ಹೋಗೋದಿಲ್ಲ. ಹೂವನ್ನೇ ಬ್ರಷ್ ಮಾಡಿಕೊಳ್ಳಿ. ಡಬ್ಬಿಯಿಂದ ಒಂದು ಹೂ ತೆಗೆದು, ಎಸಳು ಹಿಂದಕ್ಕೆ ಮಡಿಸಿ ಹಿಡಿದು, ಕೇಸರಗಳನ್ನು ಚೀಲದೊಳಗಿನ ಹೂವಿನ ಎರಡು ಸೀಳಿನ ಹೆಣ್ಣು ತುದಿಗೆ ಮೆಲ್ಲಗೆ ಎರಡು ಸಲ ಸವರಿ. ಮೂರು ನಾಲ್ಕು ಹೂವಿಗೆ ಒಂದು ಹೂ, ಆಮೇಲೆ ಹೊಸದು. ಪರಾಗದಲ್ಲಿ ಕಂಜೂಸಿ ಬೇಡ. 1-2 ಗುಂಪಿನ ಗಿಡಕ್ಕೆ 1-3 ಗುಂಪಿನ ಪರಾಗ ಹಾಕಿದಾಗ ಅರ್ಧ ಕಣಗಳು, ಅಂದರೆ ಎಸ್3 ಇರುವವು ಮಾತ್ರ ಒಳಗೆ ಹೋಗುತ್ತವೆ. ಪುಡಿ ಸಾಕಷ್ಟು ಬಿದ್ದರೆ ಆ ಅರ್ಧವೇ ಧಾರಾಳ. ಚೂರೇ ಚೂರು ಹಾಕಿದರೆ ಹೊಂದುವ ಜೋಡಿಯೂ ಹೊಂದದ ಹಾಗೆ ಕಾಣುತ್ತದೆ.

ಕ್ಲೋನ್ ಬದಲಾಯಿಸುವಾಗಲೆಲ್ಲ ಎರಡೂ ಕೈಗೆ ಸ್ಪಿರಿಟ್, ಅದು ಆರುವವರೆಗೆ ಒಂದು ನಿಮಿಷ. ತಕ್ಷಣ ಚೀಲ ಮತ್ತೆ ಕಟ್ಟಿ, ಟ್ಯಾಗ್ ಹಾಕಿ. ಟ್ಯಾಗಿನಲ್ಲಿ ಹೆಣ್ಣು ಗಿಡ ಮೊದಲು, ಗಂಡು ಆಮೇಲೆ, ಹೂವಿನ ಸಂಖ್ಯೆ, ತಾರೀಖು. ಯಾವುದು ಹೆಣ್ಣು ಯಾವುದು ಗಂಡು ಅಂತ ಮನಸ್ಸಲ್ಲಿಟ್ಟುಕೊಂಡರೆ ಮೂರು ತಿಂಗಳಲ್ಲಿ ಮರೆತೇ ಹೋಗುತ್ತದೆ.

## ಹಂತ 7: ಚೀಲ ಬಿಚ್ಚೋದು

6-7 ದಿನಕ್ಕೆ ಹೂ ಕಂದಾಗಿ ಉದುರಿ, ಹೆಣ್ಣು ಕಡ್ಡಿ ಒಣಗಿರುತ್ತದೆ. ಆಗ ಬಿಚ್ಚಿ. ಮುಂಚೆ ಬಿಚ್ಚಿದರೆ ಗಾಳಿಯ ಪರಾಗ ಬರುತ್ತದೆ. ಎರಡು ವಾರ ಬಿಟ್ಟರೆ ಬಿಸಿಲಿಗೆ ಒಳಗೆ ಬೆಂದು ಮಿಡಿ ಕರಟುತ್ತದೆ. ಬ್ಯಾಕಿಂಗ್ ನೀರನ್ನು (ಹೂವಾದ ಮೇಲೆ ಕೊಡುವ ಎರಡನೇ ನೀರು) ಎಂದಿನ ಹಾಗೆ 15-20 ದಿನಕ್ಕೆ ಕೊಡಿ, ಪರೀಕ್ಷೆ ಇದೆ ಅಂತ ತಪ್ಪಿಸಬೇಡಿ.

## ಹಂತ 8: ಮೂರು ಸಲ ಎಣಿಸಿ

ರೋಬಸ್ಟಾ ಮಿಡಿ ಹೂ ಉದುರಿದ ಮೇಲೆ ಸಾಸಿವೆ ಗಾತ್ರದಲ್ಲೇ ಎರಡು ಮೂರು ತಿಂಗಳು ಸುಮ್ಮನೆ ಕೂತಿರುತ್ತದೆ. ಮುಂಗಾರು ಹಿಡಿದ ಮೇಲೆ ಉಬ್ಬೋದು. ಇದೇ ಎಲ್ಲರನ್ನೂ ಮೋಸ ಮಾಡುವ ಜಾಗ. ಹೊಂದಾಣಿಕೆ ಇಲ್ಲದ ಹೂವಿನ ಬುಡವೂ ಕೆಲವು ವಾರ ಹಸಿರಾಗೇ ಅಂಟಿಕೊಂಡಿರಬಹುದು. ಏಪ್ರಿಲ್‌ನಲ್ಲಿ ನೋಡಿದವರು ‘ಓ, ಕಾಯಿ ಕಚ್ಚಿದೆ’ ಅಂತ ಬರೆದುಕೊಳ್ಳುತ್ತಾರೆ.

ಮೊದಲ ಎಣಿಕೆ 3 ವಾರಕ್ಕೆ, ಎರಡನೇದು ಮೇ ಕೊನೆಗೆ, ಮೂರನೇದು ಕಾಯಿ ಚೆನ್ನಾಗಿ ಉಬ್ಬಿದ ಮೇಲೆ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರಿನಲ್ಲಿ. ತೀರ್ಮಾನ ಮೂರನೇದರ ಮೇಲೆ ಮಾತ್ರ. ಮೊದಲ ಎರಡು ಯಾಕೆ ಬೇಕು ಅಂದರೆ, ಜುಲೈನಲ್ಲಿ ಕೊಳೆರೋಗಕ್ಕೆ ಕಾಯಿ ಉದುರಿದರೆ ಅದು ಮಳೆಯಿಂದಲೋ ಹೊಂದಾಣಿಕೆ ಇಲ್ಲದೆಯೋ ಅಂತ ಹೇಳೋಕೆ ಹಿಂದಿನ ಲೆಕ್ಕ ಬೇಕು.

ಇಷ್ಟು ತಿಂಗಳು ಕಾಯೋಕೆ ಆಗದವರಿಗೆ ಒಂದು ದಾರಿ ಇದೆ. ಪರಾಗ ಮುಟ್ಟಿಸಿದ ಒಂದೆರಡು ದಿನಕ್ಕೆ ಹೂವಿನ ಹೆಣ್ಣು ಭಾಗ ತೆಗೆದು, ಅನಿಲೀನ್ ಬ್ಲೂ ಬಣ್ಣ ಹಾಕಿ, ಫ್ಲೋರೊಸೆನ್ಸ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪರಾಗ ನಾಳ ಕೆಳಗಿಳಿದಿದೆಯಾ, ಮೇಲೇ ನಿಂತಿದೆಯಾ ಅಂತ ಕಾಣುತ್ತದೆ. ಅದು ಲ್ಯಾಬ್ ಕೆಲಸ. ಸಸ್ಯಶಾಸ್ತ್ರ ಓದುವ ಮಕ್ಕಳು ಮನೆಯಲ್ಲಿದ್ದರೆ ಕೇಳಿ ನೋಡಿ.

## ಹಂತ 9: ಲೆಕ್ಕ ಓದೋದು

ಒಂದು ಉದಾಹರಣೆ ಹಾಕಿಕೊಳ್ಳೋಣ. ‘ಅ’ ಕ್ಲೋನಿನ ಗಿಡದಲ್ಲಿ ನೂರು ನೂರು ಹೂವಿಗೆ ಬೆರಕೆ ಚೀಲದಲ್ಲಿ 38 ಕಾಯಿ, ಸ್ವಂತ ಚೀಲದಲ್ಲಿ 1, ಖಾಲಿ ಚೀಲದಲ್ಲಿ 0 ಬಂತು. ಅಂದರೆ ಗಿಡ ಚೆನ್ನಾಗಿದೆ, ಚೀಲ ಸೋರಿಲ್ಲ. ಈಗ ‘ಆ’ ಪರಾಗ ಹಾಕಿದ ಚೀಲದಲ್ಲಿ 33. ಬೆರಕೆಯ ಹತ್ತಿರ ಇದೆ, ಹಾಗಾಗಿ ಅ ಮತ್ತು ಆ ಬೇರೆ ಕ್ಲೋನ್, ಮಾತು ಮುಗೀತು. ‘ಇ’ ಪರಾಗದಲ್ಲಿ 2. ಸ್ವಂತ ಚೀಲದ ಹತ್ತಿರ ಇದೆ. ತಕ್ಷಣ ‘ಅ ಮತ್ತು ಇ ಒಂದೇ’ ಅಂತ ಬರೆಯಬೇಡಿ. ಮೊದಲು ಇ ಪರಾಗಕ್ಕೆ ಜೀವ ಇತ್ತಾ ಅಂತ ನೋಡಿ. ಅದೇ ಡಬ್ಬಿಯ ಪರಾಗ ಬೇರೆ ಯಾವುದಾದರೂ ಕ್ಲೋನಿನಲ್ಲಿ ಕಾಯಿ ಕಟ್ಟಿಸಿದ್ದರೆ ಜೀವ ಇತ್ತು. ಆಗ ಮಾತ್ರ ‘ಅ, ಇ ಒಂದೇ ಗೋತ್ರ’ ಅಂತ ಬರೆಯಿರಿ. ‘ಈ’ ಪರಾಗದಲ್ಲಿ 12 ಬಂದರೆ? ಅತ್ತಲೂ ಅಲ್ಲ, ಇತ್ತಲೂ ಅಲ್ಲ. ಮುಂದಿನ ವರ್ಷ ಮತ್ತೆ ಮಾಡಿ. ಅದನ್ನು ಯಾವ ಕಡೆಗೂ ಎಳೆಯಬೇಡಿ.

ಒಂದೇ ಗೋತ್ರ ಅಂತ ಬಂದ ಜೋಡಿಗಳನ್ನು ಮುಂದಿನ ಹೂವಿನಲ್ಲಿ ಹೆಣ್ಣು ಗಂಡು ಬದಲಿಸಿ ಮಾಡಿ. ಆಗಲೂ ಕಾಯಿ ಇಲ್ಲ ಅಂದರೆ ತೀರ್ಮಾನ ಗಟ್ಟಿ.

ಒಮ್ಮೆ ಮೂರು ಗೋತ್ರಕ್ಕೂ ಒಂದೊಂದು ಗಿಡ ಸಿಕ್ಕರೆ ಮುಂದೆ ಬಹಳ ಸುಲಭ. ಹೊಸ ಕ್ಲೋನ್ ಬಂದಾಗ ಈ ಮೂರರ ಜೊತೆ ಮಾತ್ರ ಪರೀಕ್ಷಿಸಿ. ಎರಡರ ಜೊತೆ ಕಾಯಿ ಬಂದು ಒಂದರ ಜೊತೆ ಬರದಿದ್ದರೆ ಅದು ಆ ಒಂದರ ಗೋತ್ರ. ಆದರೆ ಸಿ×ಆರ್ (ಕಾಂಜೆನ್ಸಿಸ್ × ರೋಬಸ್ಟಾ ಮಿಶ್ರತಳಿ) ಮೂಲದ ಕ್ಲೋನ್‌ಗಳಲ್ಲಿ ಕಾಂಜೆನ್ಸಿಸ್ ಎಂಬ ಇನ್ನೊಂದು ಜಾತಿಯ ಕಾಫಿಯ ರಕ್ತವೂ ಇರೋದರಿಂದ, ಅಲ್ಲಿ ಮೂರೇ ಗೋತ್ರ ಅಂತ ಹಟ ಹಿಡಿಯಬೇಡಿ.

## ಎಲ್ಲೋ ತಪ್ಪಿದೆ ಅಂತ ಹೇಳುವ ಗುರುತುಗಳು

ಖಾಲಿ ಚೀಲದಲ್ಲಿ ಐದಾರು ಕಾಯಿ ಕಂಡರೆ ಆ ಗಿಡದ ಇಡೀ ಲೆಕ್ಕ ಬಿಟ್ಟುಬಿಡಿ. ಬೆರಕೆ ಚೀಲದಲ್ಲೇ ಕಾಯಿ ಇಲ್ಲದಿದ್ದರೂ ಅಷ್ಟೇ, ಹೂವಿನ ದಿನ ಮಳೆ ಹೊಡೆದಿರಬಹುದು ಅಥವಾ ಗಿಡ ಸೊರಗಿರಬಹುದು. ಸ್ವಂತ ಚೀಲದಲ್ಲಿ ಕಾಯಿ ಬಂದು ಖಾಲಿ ಚೀಲದಲ್ಲಿ ಬರದಿದ್ದರೆ ತಪ್ಪು ನಿಮ್ಮ ಕೈಯದು, ಸ್ಪಿರಿಟ್ ಹಾಕಿಕೊಂಡಿಲ್ಲ.

ಅ ಮೇಲೆ ಆ ಪರಾಗ ಕಟ್ಟಿ, ಆ ಮೇಲೆ ಅ ಪರಾಗ ಕಟ್ಟಲಿಲ್ಲ ಅಂದರೆ ಅದು ಗೋತ್ರದ ವಿಷಯ ಅಲ್ಲ. ಈ ತಡೆ ಎರಡೂ ಕಡೆಯಿಂದ ಒಂದೇ ಥರ ಇರುತ್ತದೆ. ಟ್ಯಾಗ್ ಅದಲು ಬದಲು ಆಗಿದೆಯಾ ನೋಡಿ.

ಒಂದೇ ಹೆಸರಿನ ಮೂರು ಗಿಡ ಮೂರು ಥರ ಫಲಿತಾಂಶ ಕೊಟ್ಟರೆ ಮತ್ತೆ ಬುಡ ನೋಡಿ. ಬುಡ ಸರಿ ಇದ್ದರೆ ನರ್ಸರಿಯಲ್ಲೇ ಬೆರಕೆ ಆಗಿದೆ. ನನಗೆ ‘ಐದು ಕ್ಲೋನು’ ಅಂತ ಕೊಟ್ಟವರ ಹತ್ತಿರ ಹೋಗಿ ಕೇಳಿದಾಗ ‘ನಮಗೂ ಹಾಗೇ ಬಂದಿದ್ದು ಸಾರ್’ ಅಂದರು. ಅಲ್ಲಿಗೆ ಮಾತು ನಿಂತಿತು.

## ಹಂತ 10: ‘ಒಂದೇ ಗೋತ್ರ’ ಬಂದ ಮೇಲೆ

ಇಲ್ಲಿ ನಿಮಗೆ ಬೇಕಾದ್ದು ಏನು ಅಂತ ಕೇಳಿಕೊಳ್ಳಿ. ಕಾಯಿ ಕಟ್ಟೋದು ಮಾತ್ರ ಮುಖ್ಯ ಅಂದರೆ ಅ ಮತ್ತು ಇ ಒಂದೇ ಕ್ಲೋನೋ, ಒಂದೇ ಗೋತ್ರದ ಎರಡು ಕ್ಲೋನೋ ಅನ್ನೋದರಿಂದ ವ್ಯತ್ಯಾಸ ಇಲ್ಲ. ಒಂದಕ್ಕೊಂದು ಉಪಯೋಗಕ್ಕೆ ಬರೋದಿಲ್ಲ. ನಡುವೆ ಬೇರೆ ಗೋತ್ರದ ಸಾಲು ಬರಬೇಕು. ಬ್ರೆಜಿಲ್‌ನಲ್ಲಿ ಕೊನಿಲಾನ್ ರೋಬಸ್ಟಾದ ಕ್ಲೋನ್ ತಳಿಗಳನ್ನು ಹಲವು ಕ್ಲೋನ್ ಸೇರಿಸಿಯೇ ಬಿಡುಗಡೆ ಮಾಡೋದು ಇದಕ್ಕೇ. 2004ರಲ್ಲಿ ಬಂದ ವಿಟೋರಿಯಾ ತಳಿಯಲ್ಲಿ 13 ಕ್ಲೋನ್ ಇವೆ.

ದುಡ್ಡು ಕೊಟ್ಟದ್ದು ಎರಡು ಕ್ಲೋನಿಗೆ, ಸಿಕ್ಕಿದ್ದು ಒಂದಾ ಅನ್ನೋದು ಪ್ರಶ್ನೆ ಆದರೆ ಮುಂದೆ ಹೋಗಬೇಕು. ಎರಡೂ ಗಿಡವನ್ನು ಒಂದೇ ನೆರಳು, ಒಂದೇ ಗೊಬ್ಬರದಲ್ಲಿ ಪಕ್ಕ ಪಕ್ಕ ಇಟ್ಟು ನೋಡಿ. ಎಳೆ ಚಿಗುರಿನ ಬಣ್ಣ ಹಸಿರಾ ಕಂದಾ, ಎಲೆಯ ಅಂಚಿನ ಅಲೆ, ಗಣ್ಣಿನಿಂದ ಗಣ್ಣಿಗೆ ಅಂತರ, ಹಣ್ಣಾಗುವ ವಾರ, ಹಣ್ಣಿನ ತುದಿಯ ಹೊಕ್ಕಳಿನ ಆಕಾರ. ಯಾವುದಾದರೂ ಒಂದು ಪ್ರತಿ ವರ್ಷ, ಎಲ್ಲ ಗಿಡದಲ್ಲೂ ಬೇರೆ ಕಂಡರೆ ಕ್ಲೋನ್ ಬೇರೆ. ಎಲ್ಲವೂ ಒಂದೇ ಥರ ಕಂಡರೆ ಕೊನೆಯ ಮಾತು ಎಲೆಯ ಡಿಎನ್ಎ ಪರೀಕ್ಷೆಯದ್ದು. ಅದಕ್ಕೆ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಲ್ಲೋ, ಕೊಡಗಿನವರಾದರೆ ಚೆಟ್ಟಳ್ಳಿಯ ಉಪಕೇಂದ್ರದಲ್ಲೋ ವಿಚಾರಿಸಿ. ಹೋಗುವಾಗ ಎಲೆಯ ಜೊತೆ ನಿಮ್ಮ ನೋಟ್‌ಬುಕ್ಕನ್ನೂ ತಗೊಂಡು ಹೋಗಿ. ಐದು ಕ್ಲೋನಿನ ಹತ್ತು ಜೋಡಿಯಲ್ಲಿ ಯಾವ ಎರಡು ಮೂರರ ಮೇಲೆ ಮಾತ್ರ ಅನುಮಾನ ಉಳಿದಿದೆ ಅಂತ ತೋರಿಸಿದರೆ, ಪರೀಕ್ಷೆಗೆ ಕೊಡಬೇಕಾದ ಎಲೆಯೂ ಅಷ್ಟೇ, ಖರ್ಚೂ ಅಷ್ಟೇ.